ತಿದ್ದುವ ಹಕ್ಕು ಯಾರಿಗೆ?

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಆದರೆ ಬಿಲ್ಲನ್ನೇರಿ ಕಾರಣಿಕ ನುಡಿಯುವವರು ಒಬ್ಬರೇ ಗೊರವಯ್ಯ. ಉಳಿದವರದು ಕೇಳುವ, ಅರ್ಥ ಹಚ್ಚುವ ಕೆಲಸ.

ಇದೇ ಹಡಗಲಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇದೆ. ಅಲ್ಲಿ ಕಲಿಸುವ ಕಂಪ್ಯೂಟರ್ ವಿದ್ಯೆಯ ಲೋಕದಲ್ಲಿ ಬಹುಕಾಲ ನಡೆದುಬಂದದ್ದು ಇದಕ್ಕೆ ತೀರಾ ವಿರುದ್ಧವಾದ ಪದ್ಧತಿ. ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಆಧರಿಸಿ 2008ರಲ್ಲಿ ಗಿಟ್‌ಹಬ್ ಆರಂಭವಾಯಿತು. ತಂತ್ರಾಂಶದ ಮೂಲಬರಹವನ್ನು ಅಲ್ಲಿ ಬಹಿರಂಗವಾಗಿ ಇಡುತ್ತಾರೆ. ದೋಷ ಕಂಡವರು ತಿದ್ದಿ ಕಳುಹಿಸಬಹುದು; ಒಪ್ಪುವುದು, ಬಿಡುವುದು ಅದರ ಉಸ್ತುವಾರಿ ಹೊತ್ತವರ ಇಷ್ಟ. ಕೊಟ್ಟೂರಿನ ಡಿಪ್ಲೊಮಾ ಹುಡುಗ ಕಳುಹಿಸಿದ್ದೂ ಕ್ಯಾಲಿಫೋರ್ನಿಯದ ಎಂಜಿನಿಯರ್ ಕಳುಹಿಸಿದ್ದೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದವು.

ಈ ಬಾಗಿಲಿಗೆ ಮೊದಲ ದೊಡ್ಡ ನೂಕುನುಗ್ಗಲು ಬಂದದ್ದು ಒಂದು ಟೀ ಶರ್ಟಿನಿಂದ. ಡಿಜಿಟಲ್ ಓಷನ್ ಕಂಪನಿ 2014ರಿಂದ ಪ್ರತಿ ಅಕ್ಟೋಬರ್‌ನಲ್ಲಿ 'ಹ್ಯಾಕ್ಟೋಬರ್‌ಫೆಸ್ಟ್' ನಡೆಸುತ್ತಿತ್ತು. 2020ರಲ್ಲಿ ನಾಲ್ಕು ತಿದ್ದುಪಡಿ ಕಳುಹಿಸಿದವರಿಗೆ ಅಂಗಿ. ಭಾರತದ ಯೂಟ್ಯೂಬ್ ಪಾಠವೊಂದು ಒಂದೆರಡು ಪದ ಸೇರಿಸಿ ಕಳುಹಿಸುವ ಬಗೆ ತೋರಿಸಿತು. ಹುಡುಗರು ಹಾಗೆಯೇ ಮಾಡಿದರು. ಅರ್ಥವಿಲ್ಲದ ತಿದ್ದುಪಡಿಗಳ ರಾಶಿ ಬಿದ್ದು, ಅಕ್ಟೋಬರ್ 3ರಂದೇ ನಿಯಮ ಬದಲಾಯಿತು. 2024ರಲ್ಲಿ ಎಕ್ಸ್‌ಪ್ರೆಸ್ ಎಂಬ ತಂತ್ರಾಂಶಕ್ಕೂ ಇದೇ ಗತಿ. ವಿದ್ಯಾರ್ಥಿಗಳು ತಮ್ಮ ಹೆಸರುಗಳನ್ನೇ ಸೇರಿಸಿ ಕಳುಹಿಸಿದ್ದರು. ಪಾಠದಲ್ಲಿ ತೋರಿಸಿದ್ದನ್ನು ಮಾಡಿದ ಮಕ್ಕಳನ್ನಷ್ಟೇ ದೂರುವುದು ಸರಿಯಲ್ಲ.

ಆಮೇಲೆ ಬಂದದ್ದು ಕೃತಕ ಬುದ್ಧಿಮತ್ತೆ. ಬರೆಯಲು ಯಂತ್ರಕ್ಕೆ ಕ್ಷಣ ಸಾಕು, ಪರಿಶೀಲಿಸಲು ಮನುಷ್ಯನಿಗೆ ಒಂದು ಸಂಜೆ ಬೇಕು. ಅದೂ ಹಲವೆಡೆ ಸಂಬಳವಿಲ್ಲದ ಸಂಜೆ. ಹುಸಿ ವರದಿಗಳಿಂದ ಬೇಸತ್ತ 'ಕರ್ಲ್' ತಂತ್ರಾಂಶದವರು 2026ರ ಜನವರಿಯಲ್ಲಿ ಭದ್ರತಾ ದೋಷ ಹುಡುಕಿದವರಿಗೆ ಕೊಡುತ್ತಿದ್ದ ಬಹುಮಾನವನ್ನೇ ನಿಲ್ಲಿಸಿದರು. ಮರು ತಿಂಗಳು ಗಿಟ್‌ಹಬ್, ತಿದ್ದುಪಡಿ ಕಳುಹಿಸುವ ಬಾಗಿಲನ್ನು ಪೂರ್ತಿ ಮುಚ್ಚುವ ಅಥವಾ ಸಹವರ್ತಿಗಳಿಗಷ್ಟೇ ತೆರೆಯುವ ಸೌಲಭ್ಯ ನೀಡಿತು.

ಇದು ತೀರಾ ಹೊಸದೇನಲ್ಲ. ಮೊಬೈಲ್ ಫೋನುಗಳಲ್ಲೆಲ್ಲ ಇರುವ, 2000ದಲ್ಲಿ ಹುಟ್ಟಿದ ಎಸ್‌ಕ್ಯೂಲೈಟ್ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಹೊರಗಿನವರ ತಿದ್ದುಪಡಿಗೆ ಅಲ್ಲಿ ಸಾಮಾನ್ಯವಾಗಿ ಪ್ರವೇಶವಿಲ್ಲ.

ಉಸ್ತುವಾರಿಯವರ ಕಷ್ಟ ನಿಜ. ಆದರೆ ಶಿಫಾರಸು ಇಲ್ಲದ ಕೂಡ್ಲಿಗಿಯ ಹುಡುಗಿಗೆ ತನ್ನ ಕೈಚಳಕ ತೋರಿಸಲು ಇದ್ದ ತೆರೆದ ಬಾಗಿಲೂ ಇದೇ. 'ಗೋಸ್ಟಿ' ಎಂಬ ತಂತ್ರಾಂಶದವರು ನಡುದಾರಿ ಹಿಡಿದಿದ್ದಾರೆ: ಹೊಸಬರು ಏನು, ಏಕೆ ತಿದ್ದಬೇಕೆಂದಿದ್ದಾರೆಂದು ಮೊದಲು ಬರೆದು ತಿಳಿಸಬೇಕು, ಒಳಗಿನವರು ಜಾಮೀನು ನಿಂತರೆ ಮುಂದಿನ ಕೆಲಸ. ಆ ಬರಹ ಯಂತ್ರದ್ದಾಗಿರದೆ ಸ್ವಂತ ಮಾತಿನಲ್ಲಿರಬೇಕೆಂಬ ಷರತ್ತೂ ಇದೆ.