ನಿಶ್ಶಸ್ತ್ರೀಕರಣ

ಹಿಂಸಾರ್ಥಕವಾದ 'ಶಸ್' ಧಾತುವಿನಿಂದ ಹುಟ್ಟಿದ 'ಶಸ್ತ್ರ'ವು ಕೈಯಲ್ಲಿ ಹಿಡಿದೇ ಹೊಡೆಯುವ ಆಯುಧವಾದರೆ, ಎಸೆಯುವುದೆಂಬ ಅರ್ಥದ 'ಅಸ್' ಧಾತುವಿನಿಂದ ಬಂದ 'ಅಸ್ತ್ರ'ವು ದೂರಕ್ಕೆ ಪ್ರಯೋಗಿಸತಕ್ಕದ್ದು. ಆದುದರಿಂದ 'ಅಣ್ವಸ್ತ್ರ'ವೆಂದು ಹೆಸರಿಟ್ಟವರ ವಿವೇಚನೆಯನ್ನು ಮೆಚ್ಚಬೇಕು. (ಕಲಬುರಗಿ ಜಿಲ್ಲೆಯ ಆಳಂದದ ಆಡುಮಾತಿನ 'ಹತ್ಯಾರ'ವೂ ಮೂಲತಃ ಕೈಗೆ ಸಂಬಂಧಿಸಿದುದೇ.) 'ನಿಶ್ಶಸ್ತ್ರೀಕರಣ'ದ ನಡುವಣ ಈಕಾರವು ವೈಯಾಕರಣರು 'ಚ್ವಿ' ಎಂದು ಕರೆಯುವ ಪ್ರತ್ಯಯದ ಕುರುಹು: ಮೊದಲು ಹಾಗಿಲ್ಲದುದನ್ನು ಹಾಗೆ ಮಾಡುವುದು. ಎಂದಮೇಲೆ ಶಸ್ತ್ರವುಳ್ಳವನಿಗಲ್ಲದೆ ಬರಿಗೈಯವನಿಗೆ ಈ ಪದ ಸಲ್ಲದು.

ಇದಕ್ಕೆ ಚರಿತ್ರೆಯಲ್ಲೊಂದು ನಿದರ್ಶನವಿದೆ. ಆಳಂದದ ಸೀಮೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ನಿಜಾಮನ ಸರ್ಕಾರವು 1948ರ ಆಗಸ್ಟಿನಲ್ಲಿ ಭಾರತದ ವಿರುದ್ಧ ವಿಶ್ವಸಂಸ್ಥೆಗೆ ಸಲ್ಲಿಸಿದ ದೂರು ಭದ್ರತಾ ಮಂಡಳಿಯ ಮುಂದೆ ಸೆಪ್ಟೆಂಬರ್ 16ರಂದು ಚರ್ಚೆಗೆ ಬರುವಷ್ಟರಲ್ಲಿ, ಭಾರತದ ಸೇನೆ ಒಳಹೊಕ್ಕು ಮೂರು ದಿನಗಳಾಗಿದ್ದವು. ಮರುದಿನವೇ ನಿಜಾಮನು ಮಣಿದನು, ಅವನ ಪರವಾಗಿ ಶಸ್ತ್ರ ಹಿಡಿದಿದ್ದ ರಜಾಕಾರರ ಪಡೆ ನಿಷಿದ್ಧವಾಯಿತು, ಮಂಡಳಿಯ ಚರ್ಚೆ ನಿಷ್ಫಲವಾಯಿತು. ದುರ್ಬಲರ ಪಾಲಿಗೆ ನಿಶ್ಶಸ್ತ್ರೀಕರಣವು ಹೀಗೆ ನಾಲ್ಕೈದು ದಿನಗಳ ಕೆಲಸ. ಬಲಿಷ್ಠರ ಪಾಲಿಗಾದರೋ ಹಾಗಲ್ಲ. ಅಂದು 11 ಸದಸ್ಯರಿದ್ದ ಮಂಡಳಿ 1965ರಲ್ಲಿ 15ಕ್ಕೇರಿದರೂ ಕಾಯಂ ಸದಸ್ಯರೈವರ ನಿಷೇಧಾಧಿಕಾರ, ಜನರ ಬಾಯಲ್ಲಿ 'ವೀಟೋ', ಕದಲಲಿಲ್ಲ. 1968ರ ಅಣ್ವಸ್ತ್ರ ಪ್ರಸರಣ ನಿರೋಧ ಒಪ್ಪಂದವು ಅಣ್ವಸ್ತ್ರವುಳ್ಳವೆಂದು ಮಾನ್ಯಮಾಡುವ ರಾಷ್ಟ್ರಗಳೂ ಅವೇ ಐದು; ಅದರ 6ನೆಯ ವಿಧಿಯು ನಿಶ್ಶಸ್ತ್ರೀಕರಣಕ್ಕಾಗಿ ಸದ್ಭಾವದ ಮಾತುಕತೆ ನಡೆಸುವ ವಚನವನ್ನು ಪಡೆದಿದೆಯಾದರೂ ಅವಧಿಯನ್ನು ಗೊತ್ತುಪಡಿಸಿಲ್ಲ.