ಒಂದು ಫ್ಲಾಟಿನ ಮೂರು ಬೆಲೆಗಳು

ದಕ್ಷಿಣ ಕಲ್ಕತ್ತೆಯ ಲೇಕ್ ಮಾರ್ಕೆಟ್ಟಿನ ಬಳಿ ನಾಲ್ಕು ದಶಕ ಬಾಳಿದ ಹಿರಿಯ ಕನ್ನಡ ದಂಪತಿಗಳು ಮೈಸೂರಿಗೆ ಮರಳಲು ನಿಶ್ಚಯಿಸಿದಾಗ, ಅವರ ಫ್ಲಾಟಿನ ಕಾಗದಪತ್ರಗಳನ್ನು ಓದಿ ಹೇಳುವ ಕೆಲಸ ನಮ್ಮ ಪಾಲಿಗೆ ಬಂತು. "ಈ ಮನೆಯ ನಿಜವಾದ ಬೆಲೆ ಎಷ್ಟಪ್ಪ?" ಎಂದರು ರಾಯರು. ದಲ್ಲಾಳಿಯದು ಒಂದು ಅಂಕಿ. ನೋಂದಣಿ ಇಲಾಖೆಯ ಜಾಲತಾಣದ್ದು ಇನ್ನೊಂದು. 1985ರ ಕ್ರಯಪತ್ರದಲ್ಲಿದ್ದುದು ಮೂರನೆಯದು. ಈ ಮೂರರ ನಡುವಿನ ಅಂತರವನ್ನು ತಿಳಿಯಹೊರಟ ನಮಗೆ ಎದುರಾದದ್ದು ಈ ನಗರದ ಚರಿತ್ರೆಯೇ.

ಕಲ್ಕತ್ತೆಯ ಹುಟ್ಟಿನಲ್ಲೇ ಒಂದು ಕ್ರಯವಿದೆ. 1698ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಸುತಾನುಟಿ, ಗೋಬಿಂದಪುರ, ಕಲಿಕಾತಾ ಎಂಬ ಮೂರು ಗ್ರಾಮಗಳನ್ನು ಸಾಬರ್ಣ ರಾಯ್‌ಚೌಧುರಿ ಮನೆತನದಿಂದ 1300 ರೂಪಾಯಿಗೆ ಪಡೆಯಿತು. ಆದರೆ ಕೊಂಡದ್ದು ಮಣ್ಣನ್ನಲ್ಲ, ಕಂದಾಯ ವಸೂಲಿಯ ಹಕ್ಕನ್ನು. ಬೆಲೆ ಇರುವುದು ಇಟ್ಟಿಗೆಗಲ್ಲ, ಹಕ್ಕಿಗೆ ಎಂಬ ಮೊದಲ ಪಾಠ ಅಲ್ಲಿಯೇ ಇದೆ.

1912ರಲ್ಲಿ ಸ್ಥಾಪನೆಯಾದ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟ್ ರಾಸ್‌ಬಿಹಾರಿ ಅವೆನ್ಯೂ, ಸದರ್ನ್ ಅವೆನ್ಯೂಗಳನ್ನು ರೂಪಿಸಿತು. ಢಾಕುರಿಯಾದ ತಗ್ಗಿನಲ್ಲಿ ಕೆರೆ ತೋಡಿಸಿತು. ದಕ್ಷಿಣ ಭಾರತದಿಂದ ನೌಕರಿಗಾಗಿ ಬಂದವರು ನೆಲೆಯೂರಿದ್ದು ಈ ಹೊಸ ಬಡಾವಣೆಗಳ ಆಸುಪಾಸಿನಲ್ಲಿ. ಬಹುಮಂದಿ ಬಾಡಿಗೆದಾರರೇ. 1956ರ ಬಾಡಿಗೆ ಕಾಯಿದೆ ಅವರಿಗೆ ರಕ್ಷಣೆ ನೀಡಿತು. ಬಾಡಿಗೆ ಏರದ ಮನೆಗೆ ಕೀಲಿಕೈ ಪಡೆಯುವಾಗಲೇ 'ಸೆಲಾಮಿ' ಎಂಬ ಇಡುಗಂಟು ಕೊಡುವ ಪದ್ಧತಿಯೂ ಬೇರೂರಿತು. ಅದಕ್ಕೆ ರಸೀದಿ ಇರುತ್ತಿರಲಿಲ್ಲ. ಕಾಗದದ ಬೆಲೆಗೂ ಕೈಯ ಬೆಲೆಗೂ ನಡುವಣ ಬಿರುಕು ಹೀಗೆ ರೂಢಿಯಾಯಿತು.

1972ರ ಪಶ್ಚಿಮ ಬಂಗಾಳ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯು ಒಂದೇ ಕಟ್ಟಡದ ಒಂದೊಂದು ಮನೆಗೂ ಪ್ರತ್ಯೇಕ ಒಡೆತನದ ಚೌಕಟ್ಟನ್ನು ಒದಗಿಸಿತು. ಹಳೆಯ ಮನೆಯ ಯಜಮಾನ ನಿವೇಶನವನ್ನು 'ಪ್ರೊಮೋಟರ್'ಗೆ ಒಪ್ಪಿಸಿ ಪ್ರತಿಯಾಗಿ ಫ್ಲಾಟುಗಳನ್ನು ಪಡೆಯುವ ವಾಡಿಕೆ ಹಬ್ಬಿತು. ಇಲ್ಲಿ ನೆಲವನ್ನು ಅಳೆಯುವುದು ಕಾಠಾದಲ್ಲಿ. ಒಂದು ಕಾಠಾ ಎಂದರೆ 720 ಚದರಡಿ. ಫ್ಲಾಟಿನ ಜೊತೆಗೆ ಆ ನೆಲದಲ್ಲಿ ಅವಿಭಜಿತ ಪಾಲೂ ಬರುತ್ತದೆ. ಗೋಡೆ ಸವೆಯುತ್ತದೆ, ನೆಲದ ಪಾಲು ಬೆಳೆಯುತ್ತದೆ. ಮುದಿ ಕಟ್ಟಡದ ಬೆಲೆ ಕುಸಿಯದಿರುವುದಕ್ಕೆ ಕಾರಣ ಇದೇ. ಅದರ ಮೇಲೆ, 1986ರ ಏಪ್ರಿಲಿನಲ್ಲಿ ಮೆಟ್ರೊ ರೈಲು ಕಾಲೀಘಾಟ್ ದಾಟಿ ಟಾಲಿಗಂಜ್ ಮುಟ್ಟಿತು.

ಅದೇ 1986ರಲ್ಲಿ ಕೇಂದ್ರ ಸರ್ಕಾರವು ಆದಾಯ ತೆರಿಗೆ ಕಾಯಿದೆಗೆ ವಿಚಿತ್ರವಾದೊಂದು ಅಧ್ಯಾಯವನ್ನು ಸೇರಿಸಿತು: ಕ್ರಯಪತ್ರದಲ್ಲಿ ಬೆಲೆಯನ್ನು ತಗ್ಗಿಸಿ ಬರೆದರೆ, ಬರೆದ ಬೆಲೆಗೇ ಸರ್ಕಾರ ಆ ಆಸ್ತಿಯನ್ನು ಕೊಂಡುಕೊಳ್ಳಬಹುದು! ದೊಡ್ಡ ವ್ಯವಹಾರಗಳಿಗೆ ಮೀಸಲಾದ ಈ ಅಸ್ತ್ರ ಮೊದಲಿಗೆ ಪ್ರಯೋಗವಾದ ಮಹಾನಗರಗಳಲ್ಲಿ ಕಲ್ಕತ್ತೆಯೂ ಒಂದು. ಕಕ್ಷಿದಾರರ ಅಹವಾಲನ್ನು ಕೇಳದೆ ಹೀಗೆ ಕೊಳ್ಳಕೂಡದೆಂದು 1992ರಲ್ಲಿ ಸುಪ್ರೀಂ ಕೋರ್ಟು ಸಿ.ಬಿ. ಗೌತಮ್ ಪ್ರಕರಣದಲ್ಲಿ ತೀರ್ಪಿತ್ತಿತು. 2002ರಲ್ಲಿ ಆ ಅಧ್ಯಾಯವೇ ಮುಗಿಯಿತು. ಆದರೆ ಹಳೆಯ ಕ್ರಯಪತ್ರಗಳನ್ನು ಬೆಲೆಯ ಚರಿತ್ರೆಗೆ ನಂಬಿಕೆಯ ಸಾಕ್ಷಿಯೆನ್ನಲಾಗದು ಎಂಬುದಕ್ಕೆ ಆ ಕಾನೂನೇ ಸಾಕ್ಷಿ.

ಇಂದಿನ ಸರ್ಕಾರಿ ಬೆಲೆಯೂ ಮಾರುಕಟ್ಟೆಯ ಕನ್ನಡಿಯಲ್ಲ. ಮುದ್ರಾಂಕ ಶುಲ್ಕಕ್ಕಾಗಿ ನಿಗದಿಯಾಗುವ ಈ ದರವನ್ನು ಪಶ್ಚಿಮ ಬಂಗಾಳ ಸರ್ಕಾರ 2021ರ ಜುಲೈನಲ್ಲಿ ಶೇ. 10ರಷ್ಟು ಇಳಿಸಿತು, 2024ರ ಜೂನ್ ಕೊನೆಗೆ ರಿಯಾಯಿತಿ ನಿಂತಿತು. ಇಳಿದದ್ದೂ ಏರಿದ್ದೂ ಆದೇಶದಿಂದ. ರಿಸರ್ವ್ ಬ್ಯಾಂಕಿನ ಮನೆಬೆಲೆ ಸೂಚ್ಯಂಕದಲ್ಲಿ ಕೋಲ್ಕತ್ತವಿದೆ. ಅದರ ಆಧಾರವೂ ನೋಂದಾಯಿತ ಬೆಲೆಗಳೇ. ನಗರದ ಒಟ್ಟು ಗತಿಯನ್ನು ಅದು ತೋರಿಸೀತು, ಮೂರನೆಯ ಮಹಡಿಯ ಒಂದು ಮನೆಯ ಬೆಲೆಯನ್ನಲ್ಲ.

ರಾಯರ ಪಾಲಿಗೆ ನಿರ್ಣಾಯಕವಾದದ್ದು 2001ರ ಏಪ್ರಿಲ್ 1. ಅದಕ್ಕೆ ಮುಂಚೆ ಕೊಂಡ ಆಸ್ತಿಗೆ ಅಂದಿನ ನ್ಯಾಯಬೆಲೆಯನ್ನೇ ಮೂಲಬೆಲೆಯೆಂದು ತೋರಿಸಬಹುದು. ಆದರೆ ಅದು ಅಂದಿನ ಮುದ್ರಾಂಕ ಮೌಲ್ಯವನ್ನು ಮೀರುವಂತಿಲ್ಲ. ಉದಾಹರಣೆಗೆ ಅದು 6 ಲಕ್ಷವೆನ್ನೋಣ. ಹಣದುಬ್ಬರ ಸೂಚ್ಯಂಕ ಆಗ 100, 2024-25ಕ್ಕೆ 363, ಅಂದರೆ 21.78 ಲಕ್ಷ. ಉಬ್ಬರವನ್ನು ಕಳೆದು ಶೇ. 20, ಕಳೆಯದೆ ಶೇ. 12.5, ಈ ಎರಡರಲ್ಲಿ ಕಡಿಮೆಯಾದ ತೆರಿಗೆ ಸಾಕು. 60 ಲಕ್ಷಕ್ಕೆ ಮಾರಿದರೆ ಎರಡನೆಯದು ಲೇಸು, 40 ಲಕ್ಷಕ್ಕಾದರೆ ಮೊದಲನೆಯದು.

ಲೆಕ್ಕ ಮುಗಿದ ಮೇಲೆ ರಾಯರು ಮೆಲ್ಲಗೆ ಹೇಳಿದರು: "ಆಗ ಕೊಟ್ಟದ್ದರಲ್ಲಿ ಅರ್ಧ ಮಾತ್ರ ಬರೆಸಿದ್ದು. ಉಳಿದದ್ದು ಇವಳ ಬಳೆ." ಒಳಗಿನಿಂದ ಅಮ್ಮ ಏನೂ ಅನ್ನಲಿಲ್ಲ. ಆ ಬಳೆಗಳು ಯಾವ ಸೂಚ್ಯಂಕದಲ್ಲೂ ಇಲ್ಲ.

ಅದೇ ಬೀದಿಯಲ್ಲಿ ಈಚೆಗೆ ನೋಂದಣಿಯಾದ ಮಾರಾಟಗಳನ್ನು ಹೋಲಿಸಿ, ಮಹಡಿ, ಲಿಫ್ಟು, ನೆಲದ ಪಾಲುಗಳಿಗೆ ಕೂಡಿ ಕಳೆದು ನಾವೊಂದು ಅಂಕಿಗೆ ಬಂದೆವು. ಮೊದಲು ಬಂದವನು ಅದಕ್ಕೂ ಹೆಚ್ಚು ಕೊಡಲು ಸಿದ್ಧನಿದ್ದ, ಮೂರನೆಯ ಒಂದು ಪಾಲನ್ನು ನಗದಾಗಿ. ರಾಯರು ಒಪ್ಪಲಿಲ್ಲ. ಎರಡನೆಯವನು ಕಡಿಮೆ ಕೊಟ್ಟ, ಕೊಟ್ಟಷ್ಟನ್ನೂ ಬರೆಸಿದ. ಮುಂದೆ ಆ ಬೀದಿಯ ಬೆಲೆಯನ್ನು ಹುಡುಕುವವರಿಗೆ ನಿಜವಾದ ಅಂಕಿಯೊಂದಾದರೂ ಸಿಗುತ್ತದೆ.