ಭೂಮಣ್ಣಿ ಬುಟ್ಟಿ

ಪುಣೆಯ ಬಿಬವೇವಾಡಿಯಲ್ಲಿ ನೆರೆಹೊರೆಯವರು ಕಲೆತು ಗೋಡೆಯೊಂದಕ್ಕೆ ಬಣ್ಣ ಬಳಿಯುತ್ತಿದ್ದುದನ್ನು ಕಂಡೊಡನೆ ನನ್ನ ಚಿತ್ತವು ಮಲೆನಾಡಿನ ಸಾಗರ ಸೀಮೆಯ ದೀವರ ಸಮುದಾಯದ ಹೆಂಗಳೆಯರತ್ತ ಹರಿಯಿತು. ಮದುವೆಯ ಹಸೆಗೋಡೆಗೆ ಚಿತ್ತಾರ ಬರೆಯುವ ಆ ಕೈಗಳೇ, ಆಶ್ವಯುಜದ ಭೂಮಿ ಹುಣ್ಣಿಮೆ ಸಮೀಪಿಸಿದಾಗ, ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ನೆನೆದ ಅಕ್ಕಿಯನ್ನು ನುಣ್ಣಗೆ ಅರೆದ ಬಿಳುಪಿನಲ್ಲಿ ಪುಂಡಿನಾರಿನ ಕುಂಚವನ್ನದ್ದಿ, ಉಸಿರು ಬಿಗಿಹಿಡಿದು ಎಳೆಎಳೆಯಾಗಿ ಗೆರೆಯೆಳೆಯುವುವು. ಹೀಗೆ ಸೃಜಿಸಿದ ಕಲೆಯು ಮನೆಯಲ್ಲಿಯೇ ನಿಂತುಬಿಡದೆ ಗದ್ದೆಗೆ ನಡೆಯುವುದೇ ಈ ಸಂಪ್ರದಾಯದ ಹಿರಿಮೆಯೆಂದು ನನ್ನ ಭಾವನೆ: ತೆನೆಗಟ್ಟುವ ಪೈರು ಹೊತ್ತ ಭೂಮಿಯನ್ನು ಬಸುರಿಯೆಂದು ಬಗೆದು, ಬಯಕೆಯ ಅಡುಗೆಯನ್ನು ಆ ಬುಟ್ಟಿಯಲ್ಲಿ ಹೊತ್ತೊಯ್ದು ಎಡೆಯಿಟ್ಟು, ಕಾಗೆಗೂ ಇಲಿಗೂ ಪಾಲು ತೆಗೆದಿರಿಸಿ, ಅನಂತರವೇ ಮನೆಮಂದಿಯೆಲ್ಲ ಅಲ್ಲಿಯೇ ಕುಳಿತುಣ್ಣುವರು. ಮಣ್ಣಿನ ಗೋಡೆಗಳು ಸಿಮೆಂಟಿಗೆ ತಿರುಗಿದ ಮೇಲೆ ಹಸೆಚಿತ್ತಾರವು ಕಾಗದಕ್ಕಿಳಿಯಿತು; ಬುಟ್ಟಿಯಾದರೋ ಇಂದಿಗೂ ಗದ್ದೆಗೆ ಹೋಗುತ್ತಲಿದೆ.